ಅಜ್ಜ ತೋರಿಸಿದ ಗಾಯ

ಈಗಲೂ ಮೋಸಂಬಿ ಸುಲಿದರೆ ಸವದತ್ತಿಯ ನಮ್ಮ ಪಡಸಾಲೆಯ ಆ ಮಧ್ಯಾಹ್ನವೇ ಮೂಗಿಗೆ ಬಂದಂತಾಗುತ್ತದೆ.

ಕಾಳಿನ ವ್ಯಾಪಾರಿಯಾಗಿದ್ದ ನಮ್ಮಜ್ಜ ಎದೆನೋವೆಂದು ಕಾರಿನಲ್ಲಿ ಬೆಳಗಾವಿಗೆ ಹೋಗಿ, ಎಂಟು ದಿನಕ್ಕೆ ಗಟ್ಟಿಯಾಗಿ ತಿರುಗಿ ಬಂದಿದ್ದ. ಅಜ್ಜಿ ಹೊಸ್ತಿಲಲ್ಲೇ ರೊಟ್ಟಿಯ ತುಣುಕು ನಿವಾಳಿಸಿ ಒಗೆದಳು. ಮಾತಾಡಿಸಲು ಬಂದವರೆಲ್ಲ ಮೋಸಂಬಿ ತಂದರು. ಮೊಮ್ಮಕ್ಕಳು ನಾವು ಮೊಣಕೈವರೆಗೆ ರಸ ಸುರಿಸಿಕೊಂಡು ತಿಂದೆವು. ಅಜ್ಜನಂತೂ ಬಂದವರಿಗೆಲ್ಲ ಧೋತರ ಮೇಲೆತ್ತಿ ತೊಡೆಯ ಸಣ್ಣ ಗಾಯ ತೋರಿಸುತ್ತಿದ್ದ.

"ಇಲ್ಲಿಂದ ತಂತಿ ಹಾಕಿ, ಎದಿತನಕ ಒಯ್ದು, ಕಟ್ಟಿದ್ದ ನರ ಬಿಡಿಸ್ಯಾರ. ಕಾಲವಿ ಹೂಳು ತಗದಂಗ!"

"ಹೆಣ್ಮಕ್ಕಳ ಮುಂದ ಅದೇನ ತೋರಸ್ತೀರಿ, ಸಾಕ ಬಿಡ್ರಿ!" ಎಂದು ಅಜ್ಜಿ ಬೈದಷ್ಟೂ ನಾವು ಬಿದ್ದು ಬಿದ್ದು ನಕ್ಕೆವು.

ಆಗ ಫಕೀರವ್ವ ಬಂದಳು. ನಮ್ಮ ಅಂಗಡಿಯಲ್ಲಿ ಹಮಾಲನಾಗಿದ್ದ ಅವಳ ಗಂಡ ಹಿಂದಿನ ವರ್ಷ ತೀರಿಕೊಂಡಿದ್ದ. ಸೆರಗಿನಿಂದ ಎರಡು ಮೋಸಂಬಿ ತೆಗೆದಿಟ್ಟು, ಅಜ್ಜನ ಗಾಯ ನೋಡಿ ಬೆರಗಾದಳು.

"ನೋವು ಎಲ್ಲಿ ಬಂದಿತ್ರಿ, ಸಾವ್ಕಾರ್ರ?"

ಅಜ್ಜ ಎದೆಯಿಂದ ಎಡಗೈವರೆಗೆ ಬೆರಳೆಳೆದು ತೋರಿಸಿದ.

"ನಮ್ಮವರಿಗೂ ಅಲ್ಲೇ ಬಂದಿತ್ರಿ. ವಾಯು ಅಂತ ಸೋಡಾ ಕುಡಿಸಿ ಮಲಗಿಸಿದ್ವಿ."

ಹಾಗೆಂದವಳೇ ಎರಡೂ ಕೈಯಿಂದ ಅಜ್ಜನ ದೃಷ್ಟಿ ತೆಗೆದು, ನೆಟಿಕೆ ಮುರಿದು ನಕ್ಕಳು. "ನೀವು ಬಂದ್ರಲ್ಲ, ಅಷ್ಟ ಸಾಕ್ರಿ."

ಅವಳು ಹೋದ ಮೇಲೂ ಸಂಜೆವರೆಗೆ ಮಂದಿ ಬರುತ್ತಲೇ ಇದ್ದರು. ಅಜ್ಜ ಮತ್ತೆ ಯಾರಿಗೂ ಧೋತರ ಎತ್ತಲಿಲ್ಲ.