ಹಾನಿಯಿಲ್ಲದ ತಿದ್ದುಪಡಿ

ನಾದಿನಿ ಒಳಗೆ ಬಂದವಳೇ ಅಡುಗೆಮನೆಯ ಚಿಲಕ ಹಾಕಿದಳು. ಚಿಲಕ ಹಾಕಿಕೊಂಡು ಹೇಳುವಂಥ ಒಳ್ಳೆಯ ಸುದ್ದಿಯನ್ನು ಕಿರಿಸೊಸೆ ಈ ಮನೆಯಲ್ಲಿ ಇನ್ನೂ ಕೇಳಿರಲಿಲ್ಲ.

“ಅತ್ತಿಗೆ, ಆ ದೊಡ್ಡ ಫೋಟೋ ನೀವೇ ತಾನೆ ಸರಿಮಾಡ್ತಿರೋದು?”

“ಹೂಂ. ಬೆಳಕು ಸ್ವಲ್ಪ ಕಡಿಮೆ…”

“ಬೆಳಕು ಬಿಡಿ. ದೊಡ್ಡತ್ತಿಗೆ ಕತ್ತಿನ ಸರ ನೋಡಿದ್ರಾ? ಅಮ್ಮ ನನಗೆ ಕೊಡ್ತೀನಿ ಅಂದಿದ್ದು. ಪೂರ್ತಿ ಅಳಿಸಬೇಡಿ, ಗೊತ್ತಾಗುತ್ತೆ. ಒಂಚೂರು ಮಂಕು ಮಾಡಿ. ಹಿತ್ತಾಳೆ ಅನ್ನಿಸಿದ್ರೆ ಸಾಕು.”

ಕಿರಿಸೊಸೆ ಹೂಂ ಅನ್ನಲಿಲ್ಲ, ಊಹೂಂ ಅನ್ನುವ ಧೈರ್ಯವೂ ಇರಲಿಲ್ಲ. ಅತ್ತೆ-ಮಾವಂದಿರ ಮದುವೆಯ ವಾರ್ಷಿಕೋತ್ಸವಕ್ಕೆ ಮನೆಮಂದಿಯೆಲ್ಲ ಇರುವ ಆ ಫೋಟೋವನ್ನು ಆಳೆತ್ತರ ಮುದ್ರಿಸಿ ಹಾಲಿನ ಗೋಡೆಗೆ ತೂಗುಹಾಕುವುದಿತ್ತು. ಅದೇ ಮೊಳೆಗೆ ಬೀದಿ ಕಡೆಯ ಮುಂದಿನ ಕೋಣೆಯೂ ನೇತಾಡುತ್ತಿತ್ತು. ಊರವರ ಮದುವೆ ಫೋಟೋಗಳನ್ನು ತಿದ್ದಿಕೊಡುವ ಕಿರಿಸೊಸೆಯ ಕಂಪ್ಯೂಟರ್ ಇದ್ದದ್ದು ಅಡುಗೆಮನೆಯ ಮೂಲೆಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕ. ಯಂತ್ರ ತಿರುಗಿದಾಗ ಪರದೆಯ ಮೇಲಿನ ವಧೂವರರಿಗೆ ಚಳಿಜ್ವರ ಬರುತ್ತಿತ್ತು. ಮುಂದಿನ ಕೋಣೆಯನ್ನು ಸ್ಟುಡಿಯೋ ಮಾಡಬೇಕೆಂದು ಅವಳ ಆಸೆ, ಹೊಲಿಗೆ ಅಂಗಡಿ ಮಾಡಬೇಕೆಂದು ಹಿರಿಸೊಸೆಯ ಹಟ. “ಫೋಟೋ ಹೇಗೆ ಬರುತ್ತೆ ನೋಡೋಣ, ಆಮೇಲೆ ಕೋಣೆ ಮಾತು” ಎಂದಿದ್ದರು ಅತ್ತೆ.

ಹೂಂ ಊಹೂಂಗಳ ನಡುವೆ ಬದುಕುವವರಿಗಾಗಿಯೇ ಫೋಟೋ ತಿದ್ದುವ ತಂತ್ರಾಂಶದಲ್ಲಿ ಒಂದು ಅನುಕೂಲವಿದೆ: ಪದರಗಳು. ಮೂಲ ಚಿತ್ರವನ್ನು ಮುಟ್ಟುವುದೇ ಬೇಡ. ಅದರ ಮೇಲೆ ಗಾಜಿನಂಥ ಪದರವೊಂದನ್ನು ಹಾಸಿ, ತಿದ್ದುವುದನ್ನೆಲ್ಲ ಅಲ್ಲೇ ತಿದ್ದಬಹುದು. ಪ್ರತಿ ಪದರದ ಪಕ್ಕ ಒಂದು ಪುಟ್ಟ ಕಣ್ಣು. ಕಣ್ಣು ತೆರೆದರೆ ತಿದ್ದಿದ್ದು ಕಾಣುತ್ತದೆ, ಮುಚ್ಚಿದರೆ ಮಾಯ. ಕೆಳಗಿನ ಮುಖಕ್ಕೆ ಒಂದು ಗೀರೂ ಬೀಳದು. ತರಬೇತಿಯಲ್ಲಿ ಇದನ್ನು ಹಾನಿಯಿಲ್ಲದ ತಿದ್ದುಪಡಿ ಎಂದು ಕಲಿಸಿದ್ದರು. ಕೂಡುಕುಟುಂಬದವರೇ ಕಂಡುಹಿಡಿದಿರಬೇಕು.

ಒಂದು ಪದರ ಹಾಸಿ, ಸರವನ್ನು ಮಂಕು ಮಾಡಿದಳು.

ಮಧ್ಯಾಹ್ನ ಹಿರಿಸೊಸೆ ಬಟ್ಟೆಯ ಗಂಟು ಹೊತ್ತು ಬಂದಳು. “ಏನೇ, ಫೋಟೋದಲ್ಲಿ ನಾದಿನಿಗೆ ಗದ್ದ ಎಷ್ಟಿದೆ?”

“ಒಂದೇ, ಅಕ್ಕ.”

“ಸರಿಯಾಗಿ ನೋಡು. ಎರಡಿದೆ. ಕ್ಯಾಮೆರಾ ಒಂದನ್ನ ನುಂಗಿಹಾಕಿದೆ. ಪಾಪ, ಅವಳದ್ದು ಅವಳಿಗೆ ವಾಪಸ್ ಕೊಟ್ಟುಬಿಡು.”

ಎರಡನೇ ಪದರ.

ಅತ್ತೆ ಚಿಲಕದ ಗೊಡವೆಗೆ ಹೋಗಲಿಲ್ಲ. ಮನೆ ಅವರದ್ದೇ. ಪರದೆಯಲ್ಲಿ ತಮ್ಮ ತಂಗಿಯ ಮೇಲೆ ಬೆರಳಿಟ್ಟರು. “ನನಗಿಂತ ಎರಡೇ ವರ್ಷ ಚಿಕ್ಕವಳು. ಇಲ್ಲಿ ನನ್ನ ಮಗಳ ಹಾಗೆ ನಿಂತಿದ್ದಾಳೆ. ಇದು ಸುಳ್ಳಲ್ವೇನಮ್ಮ? ಸುಳ್ಳು ನಮ್ಮ ಗೋಡೆ ಮೇಲೆ ಬೇಡ.”

ಸತ್ಯಕ್ಕಾಗಿ ಮೂರನೇ ಪದರ: ಕಣ್ಣಂಚಿಗೆ ನಾಲ್ಕು ಸುಕ್ಕು, ಬೈತಲೆಗೆ ಒಂದಿಷ್ಟು ಬಿಳಿ.

ನಾಲ್ಕನೆಯದನ್ನು ಯಾರೂ ಕೇಳಿರಲಿಲ್ಲ. ಮನೆಗೆ ಬಂದ ನೆಂಟರೆಲ್ಲ ಹಿರಿಸೊಸೆಯ ನಗುವನ್ನು ಹೊಗಳಿಯೇ ನೀರು ಕುಡಿಯುತ್ತಿದ್ದರು. ಕಿರಿಸೊಸೆ ಬಾಗಿಲ ಕಡೆ ನೋಡಿ, ಆ ತುಟಿಯ ತುದಿಗಳನ್ನು ಕೂದಲೆಳೆಯಷ್ಟು ಕೆಳಗೆಳೆದಳು. ಕೆಳಗೆ ಪೂರ್ತಿ ನಗು ಹಾಗೇ ಇದೆಯಲ್ಲ ಎಂದು ಸಮಾಧಾನ ಹೇಳಿಕೊಂಡಳು. ಮಾತಿನಲ್ಲಿ ಜಾಗರೂಕಳಾದ್ದರಿಂದ ಆ ಪದರಕ್ಕೆ ‘ಬೆಳಕು’ ಎಂದು ಹೆಸರಿಟ್ಟಳು.

ನಾಲ್ಕನ್ನೂ ಒಂದೇ ಫೋಲ್ಡರಿಗೆ ಹಾಕಿದಳು. ಫೋಲ್ಡರಿಗೂ ಒಂದು ಕಣ್ಣಿತ್ತು. ಅದನ್ನು ತೆರೆದು ನೋಡಿದಳು, ಮುಚ್ಚಿ ನೋಡಿದಳು, ಮತ್ತೆ ತೆರೆದಳು, ಮತ್ತೆ ಮುಚ್ಚಿದಳು; ಲೆಕ್ಕವೇ ತಪ್ಪಿತು. ಗೇಟು ದಾಟಿದ ಮೇಲೂ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹಿಂದಿರುಗುವ ಜೀವ ಅದು.

“ಪ್ರಿಂಟ್ ಹಾಕೋ ಲ್ಯಾಬಿನವರು ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ, ಕಳಿಸಿದ್ಯೋ ಇಲ್ವೋ?” ಅತ್ತೆ ಕೂಗಿದರು.

ಕಳಿಸಿಬಿಟ್ಟಳು.

ವಾರ್ಷಿಕೋತ್ಸವದ ದಿನ ಮಾವ ಫೋಟೋದ ಮೇಲಿನ ಬಟ್ಟೆ ಸರಿಸಿದರು. ಕಿರಿಸೊಸೆ ಕಂಬದ ಮರೆಯಿಂದ ನೋಡಿದಳು. ಸರ ಹಿತ್ತಾಳೆಯಂತೆ ಬಿದ್ದುಕೊಂಡಿತ್ತು. ನಾದಿನಿಯ ಎರಡನೇ ಗದ್ದ ಮೊದಲನೆಯದರ ಕೆಳಗೆ ಆರಾಮವಾಗಿ ಕೂತಿತ್ತು. ಅತ್ತೆಯ ತಂಗಿಗೆ ವಯಸ್ಸು ಬಂದಿತ್ತು. ಹಿರಿಸೊಸೆಯ ನಗು ಹಲ್ಲುನೋವಿನವಳಂತೆ ಅರ್ಧಕ್ಕೇ ನಿಂತಿತ್ತು. ಇಷ್ಟು ಢಾಳಾಗಿ ಕಂಡೀತೆಂದು ಕಿರಿಸೊಸೆ ಎಣಿಸಿರಲಿಲ್ಲ. ಈಗ ಯಾರಾದರೊಬ್ಬರು ತಮ್ಮ ಮುಖ ಕಂಡು ಕಿರುಚುತ್ತಾರೆ. ಕೋಣೆ ಹೋಯಿತು, ಮಾನವೂ ಹೋಯಿತು.

ಯಾರೂ ಕಿರುಚಲಿಲ್ಲ.

“ನಾನು ಚೆನ್ನಾಗಿ ಬಂದಿದ್ದೀನಿ ಕಣೇ” ಎಂದಳು ಹಿರಿಸೊಸೆ. ಮತ್ತೆ ಕಿವಿಯ ಹತ್ತಿರ ಬಗ್ಗಿ, “ಎರಡೂ ಗದ್ದ ಬಂದಿದೆ. ನಿನ್ನ ಹೊಟ್ಟೆ ತಣ್ಣಗಿರಲಿ.”

ಇನ್ನೊಂದು ಕಿವಿಗೆ ನಾದಿನಿ ಬಂದಳು. “ಶುದ್ಧ ಹಿತ್ತಾಳೆ, ಅತ್ತಿಗೆ! ನನ್ನ ಮುಖವಂತೂ ಎಷ್ಟು ತೆಳ್ಳಗೆ ಬಂದಿದೆ.”

ಅತ್ತೆಯ ತಂಗಿಗೂ ಖುಷಿಯೋ ಖುಷಿ. ಮಲಗುವ ಕೋಣೆಗೆ ತಮಗೊಂದು ಪ್ರತಿ ಬೇಕೆಂದರು. ಕುಯ್ಯಿಸಿಕೊಂಡವರಿಗೇ ಗೊತ್ತಾಗದಷ್ಟು ನಯವಾದ ಕೈ ತನ್ನದು! ಕಿರಿಸೊಸೆಗೆ ತನ್ನ ಬಗ್ಗೆ ಭಯಮಿಶ್ರಿತ ಗೌರವ ಹುಟ್ಟಿತು.

ಅತ್ತೆ ತಂಗಿಯ ಚಿತ್ರವನ್ನು ಕಣ್ತುಂಬ ನೋಡಿ, ಸೊಂಟದ ಬೀಗದ ಕೈ ತೆಗೆದು ಎಲ್ಲರೆದುರೇ ಕಿರಿಸೊಸೆಯ ಅಂಗೈಗಿಟ್ಟರು. “ಮುಂದಿನ ಕೋಣೆ ಇವಳಿಗೆ. ಇದ್ದದ್ದನ್ನ ಇದ್ದ ಹಾಗೆ ತೋರಿಸೋಳು ಈ ಮನೇಲಿ ಇವಳೊಬ್ಬಳೇ.”

ಮರುದಿನ ಕಿರಿಸೊಸೆ ಹೊಸ ಕೋಣೆಯಲ್ಲಿ ಮೇಜು ಹಾಕಿ, ಅತ್ತೆಯ ತಂಗಿಯ ಪ್ರತಿಗಾಗಿ ಕಡತ ತೆರೆದಳು. ಫೋಲ್ಡರಿನ ಕಣ್ಣು ಮುಚ್ಚಿತ್ತು. ಅನುಮಾನ ಬಂದು, ಲ್ಯಾಬಿಗೆ ಕಳಿಸಿದ್ದ ಚಿತ್ರವನ್ನೂ ತೆರೆದಳು. ಸರ ಥಳಥಳಿಸುತ್ತಿತ್ತು. ನಾದಿನಿಗೆ ಒಂದೇ ಗದ್ದ. ಅತ್ತೆಯ ತಂಗಿ ಅತ್ತೆಯ ಮಗಳಂತೆಯೇ ನಿಂತಿದ್ದರು. ಹಿರಿಸೊಸೆ ಬಾಯ್ತುಂಬ ನಗುತ್ತಿದ್ದಳು.

ನಿನ್ನೆ ಗೋಡೆಯ ಮೇಲೆ ಎಲ್ಲರೂ, ಕಿರಿಸೊಸೆಯೂ ಸೇರಿ, ನೋಡಿದ್ದು ಯಾರೂ ತಿದ್ದದ ಫೋಟೋವನ್ನು.