ಎಡವಟ್ಟಿಗೆಂದು ಎತ್ತಿಟ್ಟದ್ದು

ತಾಲೀಮಿನ ನಡುವೆ ರಾಣಿಯ ಪಾತ್ರದವಳು ರಂಗದ ಮರದ ಮೆಟ್ಟಿಲಿನಿಂದ ಉರುಳಿದಾಗ ನಿರ್ದೇಶಕ ಮೊದಲು ನೋಡಿದ್ದು ಅವಳನ್ನಲ್ಲ, ಹೊಸ ಮಖಮಲ್ ಪರದೆಯನ್ನು. ಅದಕ್ಕೇನೂ ಆಗಿರಲಿಲ್ಲ. ಅವಳ ಪಾದ ಮಾತ್ರ ತಿರುಗಬಾರದ ಕಡೆಗೆ ತಿರುಗಿತ್ತು; ರಕ್ತ ಒಸರುತ್ತಿತ್ತು.

ದರ್ಜಿ, ಪರದೆ ಹೊಲಿದು ಉಳಿದಿದ್ದ ತುಂಡನ್ನೇ ಮಡಚಿ ಅವಳ ಕಾಲಡಿ ಇಟ್ಟ. ದೀಪ ನೋಡಿಕೊಳ್ಳುವ ಅವಳ ತಮ್ಮ ಬೆವರುತ್ತಾ, "ಅಕ್ಕಾ, ಆಸ್ಪತ್ರೆಯವರು ಮುಂಗಡ ಕೇಳ್ತಾರೆ. ಎಲ್ಲಿಂದ ತರೋದು?" ಎಂದ.

"ಅದಕ್ಯಾಕೋ ತಲೆ ಕೆಡಿಸ್ಕೋತೀಯ?" ನೋವಿನಲ್ಲೂ ಅವಳು ಗದರಿದಳು. "ಏನಾದ್ರೂ ಎಡವಟ್ಟಾದ್ರೆ ಇರಲಿ ಅಂತ ಸರ್ ಬಜೆಟ್‌ನಲ್ಲಿ ದುಡ್ಡು ಎತ್ತಿಟ್ಟಿದ್ದಾರಲ್ಲ. ಮೊದಲ ದಿನವೇ ಎಲ್ಲರ ಮುಂದೆ ಹೇಳಿರ್ಲಿಲ್ವಾ? ಆ ಧೈರ್ಯದ ಮೇಲೆ ತಾನೇ ನಾನು ಈ ಹಾಳು ಮೆಟ್ಟಿಲು ಹತ್ತಿದ್ದು?"

ಎಲ್ಲರೂ ನಿರ್ದೇಶಕನತ್ತ ತಿರುಗಿದರು. ಪ್ರದರ್ಶನ ಹತ್ತಿರವಾಯಿತು, ಇನ್ಯಾವ ಎಡವಟ್ಟು ಬಂದೀತು ಎಂದುಕೊಂಡು ಆ ಹಣವನ್ನೆಲ್ಲ ಅವನು ಯಾರಿಗೂ ಹೇಳದೆ ಪರದೆಗೆ ಸುರಿದಿದ್ದ. ಅವನ ಕಣ್ಣು ಮತ್ತೆ ಪರದೆಯತ್ತ ಹೋಯಿತು. ಅಷ್ಟರಲ್ಲಿ ಅವಳು ಕಾಲಡಿಯ ಬಟ್ಟೆಗೆ ರಕ್ತ ಹತ್ತಿದ್ದನ್ನು ಕಂಡು ಕಸಿವಿಸಿಗೊಂಡಳು.

"ಇದನ್ನ ತೆಗೀರಿ ಸರ್. ಇಷ್ಟು ಬೆಲೆಬಾಳೋ ಬಟ್ಟೆ, ನನ್ನ ಕಾಲಿಗ್ಯಾಕೆ ಹಾಳು ಮಾಡೋದು?"