ಹಳ್ಳದ ಗೀಟು

“ಇಷ್ಟು ಸಾಲದಣ್ಣ, ಇನ್ನೂ ಎತ್ತರ ಬೇಕು! ನೀರು ಈ ಗೀಟಿನ ತನಕ ಬಂದ್ರೂ ನನ್ನ ಗಾಡಿ ನಗ್ತಾ ದಾಟಬೇಕು!”

ಟೈರ್ ಅಂಗಡಿಯ ಮುಂದೆ ನಿಂತು ಕೂಗುತ್ತಿದ್ದ ಪಿಕಪ್ ಡ್ರೈವರನ ಕೈಯಲ್ಲಿ ಒಂದು ಬಿದಿರಿನ ಗಳವಿತ್ತು. ಗಳದ ಮೇಲೆ ಕುಡುಗೋಲಿನಿಂದ ಕೊರೆದ ಗೀಟು. ತಂಗಿಯ ಚೊಚ್ಚಲ ಹೆರಿಗೆಯ ಮಳೆಗಾಲದಲ್ಲಿ ಹಳ್ಳ ಎಷ್ಟೆತ್ತರ ಏರಿತ್ತೋ ಅಷ್ಟಕ್ಕೆ ಹಾಕಿಕೊಂಡ ಗುರುತು ಅದು. ಅಂದಿನಿಂದ ಅಟ್ಟದ ಮೇಲಿದ್ದ ಗಳವನ್ನು ಇಂದು ಇಳಿಸಿ ತಂದು, ಗಾಡಿಯ ಪಕ್ಕ ನೆಟ್ಟಗೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ, ಹಳ್ಳವನ್ನೇ ಹೆಗಲ ಮೇಲೆ ಹೊತ್ತು ತಂದವನ ಹಾಗೆ.

ತಂಗಿಯ ಗಂಡನ ಮನೆ ಆ ಹಳ್ಳದಾಚೆ. ಅಂದು, ಊರಿಗೆಲ್ಲ ಹೆರಿಗೆ ಮಾಡಿಸುವ ಅಮ್ಮನನ್ನು ಕೂರಿಸಿಕೊಂಡು ಹೊರಟ ಇದೇ ಗಾಡಿ ನಡುನೀರಿನಲ್ಲಿ ಕೆಮ್ಮಿ ನಿಂತುಬಿಟ್ಟಿತ್ತು. ಎಷ್ಟೋ ಮಕ್ಕಳನ್ನು ಭೂಮಿಗೆ ಇಳಿಸಿಕೊಂಡ ಕೈಗಳು, ವಾಪಸ್ ಈಚೆ ದಡಕ್ಕೆ ಬಂದು, ಸ್ವಂತ ಮಗಳ ಕೂಗು ಕೇಳಿಸುವಷ್ಟು ಹತ್ತಿರದಲ್ಲಿ, ಒಂದನ್ನೊಂದು ಹಿಡಿದುಕೊಂಡು ಸುಮ್ಮನೆ ಕೂತಿದ್ದವು. ತಾಯಿ ಮಗು ಇಬ್ಬರೂ ಉಳಿದದ್ದು ದೇವರ ದಯೆ. ಈಗ ತಂಗಿಗೆ ಮತ್ತೆ ದಿನ ತುಂಬುತ್ತಿದೆ. ಅಮ್ಮ ಮೊದಲೇ ಹೋಗಿ ಅಲ್ಲೇ ಇದ್ದುಬಿಡಲಿ ಎಂದರೆ ಹಳ್ಳದ ಈಚೆಗೂ ಬಸುರಿಯರಿದ್ದಾರೆ. ಆಕಾಶ ನೋಡಿದರೆ ಅದೂ ತುಂಬಿದ ಬಸುರಿಯೇ.

ಮೇಸ್ತ್ರಿ ಎರಡು ಟೈರುಗಳನ್ನು ಉರುಳಿಸಿಕೊಂಡು ಬಂದು ಅವನ ಮುಂದೆ ನಿಲ್ಲಿಸಿದ. “ಇದು ಟಾರ್ ರೋಡಿಗೆ, ಬೆಣ್ಣೆ ಮೇಲೆ ಹೋದಂಗೆ ಹೋಗುತ್ತೆ. ಇದು ಕೆಸರಿಗೆ. ಆದ್ರೆ ಟಾರ್ ಮೇಲೆ ಗೊಂಯ್ ಅಂತ ಊರೆಲ್ಲ ಎಬ್ಬಿಸುತ್ತೆ, ಡೀಸೆಲ್ಲೂ ಜಾಸ್ತಿ ಕುಡಿಯುತ್ತೆ.”

“ಕುಡೀಲಿ ಬಿಡಣ್ಣ! ನೀರು ಕುಡಿಯೋದಕ್ಕಿಂತ ಡೀಸೆಲ್ ಕುಡಿಯೋದು ವಾಸಿ.” ಡ್ರೈವರ್ ಕೆಸರಿನ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಒರಟು ಕಚ್ಚುಗಳ ನಡುವೆ ಬೆರಳಿಟ್ಟ. ಹೊಸ ರಬ್ಬರಿನ ವಾಸನೆ ಮೂಗಿಗೆ ಅಡರಿ ಅವನಿಗೆ ಮೈಯೆಲ್ಲ ಜುಮ್ಮೆಂದಿತು. “ನೋಡಮ್ಮ ಇಲ್ಲಿ, ಬೆರಳೇ ಮುಳುಗುತ್ತೆ!”

“ಬೆರಳು ಮುಳುಗಲಿ. ಮಿಕ್ಕವನು ಮುಳುಗದಿದ್ರೆ ಸಾಕು,” ಎಂದಳು ಅಮ್ಮ. ಅವಳು ಅಂಗಡಿಯ ನೆರಳಿನಲ್ಲಿ ತನ್ನ ಮರದ ಸ್ಟೂಲಿನ ಮೇಲೆ ಕೂತಿದ್ದಳು. ಕುಳ್ಳು ಹೆಂಗಸು, ಕುಳ್ಳು ಸ್ಟೂಲು. ಹೆರಿಗೆ ಮಾಡಿಸುವಾಗ ಕೂರಲು ಅವಳಿಗೆ ಅದೇ ಆಗಬೇಕು. ಹೆರಿಗೆ ಸಾಮಾನಿನ ಚೀಲ ಹೊರಟರೆ ಅದೂ ಹೊರಟಿತೆಂದೇ ಲೆಕ್ಕ.

ಕೆಲಸ ಶುರುವಾಯಿತು. ಗಾಡಿ ಎತ್ತರವಾಗಲೆಂದು ಸ್ಪ್ರಿಂಗಿಗೆ ಹೆಚ್ಚಿನ ಪ್ಲೇಟುಗಳು ಸೇರಿದವು. ದಪ್ಪ ಟೈರಿಗೆ ಜಾಗವಾಗಲೆಂದು ಮಡ್‌ಗಾರ್ಡಿನ ಅಂಚು ಕಿಡಿ ಹಾರಿಸುತ್ತ ಕತ್ತರಿಸಿಕೊಂಡಿತು. ಎಂಜಿನ್ನು ಉಸಿರೆಳೆಯುವ ಕೊಳವೆಯನ್ನು ಮೇಸ್ತ್ರಿ ಗಾಡಿಯ ನೆತ್ತಿಯವರೆಗೂ ಏರಿಸಿದಾಗ ಡ್ರೈವರನಿಗೆ ತಡೆಯಲಾಗಲಿಲ್ಲ. “ಅಮ್ಮಾ, ಸೊಂಡಿಲು ಎತ್ತಿದ ಆನೆ ಕಣಮ್ಮ ಇದು!” ಎಂದು ಚಪ್ಪಾಳೆ ತಟ್ಟಿದ.

“ಈ ಫುಟ್‌ಬೋರ್ಡ್ ಏನ್ ಮಾಡ್ಲಿ? ಹಳ್ಳದ ಕಲ್ಲಿಗೆ ತಗುಲಿಕೊಂಡ್ರೆ ಗಾಡಿ ಅಲ್ಲೇ ಕೂತ್ಕೊಳ್ಳುತ್ತೆ,” ಎಂದ ಮೇಸ್ತ್ರಿ.

“ಬಿಚ್ಚಿ ಬಿಸಾಕಣ್ಣ!”

ಅಮ್ಮ ತಲೆಯೆತ್ತಿ ಗಾಡಿಯನ್ನು ಒಮ್ಮೆ ನೋಡಿದಳು. “ಮೇಸ್ತ್ರಿ, ಹಳೇ ಟ್ಯೂಬಿದ್ರೆ ಒಂದು ಪಟ್ಟಿ ಕೊಯ್ದು ಕೊಡಪ್ಪ. ಉದ್ದವಾಗಿರ್ಲಿ.” ಮೇಸ್ತ್ರಿ ಕೊಯ್ದುಕೊಟ್ಟ. ಏಕೆಂದು ಯಾರೂ ಕೇಳಲಿಲ್ಲ. ಅಲ್ಲಿ ಆನೆ ನಿಂತಿರುವಾಗ ರಬ್ಬರ್ ಪಟ್ಟಿಯನ್ನು ಯಾರು ನೋಡುತ್ತಾರೆ?

ಜಾಕ್ ಇಳಿಯಿತು. ಗಾಡಿ ತನ್ನ ಹೊಸ ಕಾಲುಗಳ ಮೇಲೆ ಒಮ್ಮೆ ತೂಗಿ, ಗಟ್ಟಿಯಾಗಿ ನಿಂತಿತು. ಗಳದ ಗೀಟು ಈಗ ಬಾಗಿಲ ಕೆಳಗಂಚನ್ನೂ ಮುಟ್ಟಲಿಲ್ಲ. ಡ್ರೈವರ್ ಗಾಡಿಯ ಸುತ್ತ ಒಂದು ಸುತ್ತು ಓಡಿ ಬಂದು ಬಾಗಿಲು ತೆರೆದ. “ಬಾಮ್ಮ, ಹತ್ತು! ರಾಣಿ ಹಾಗೆ ಕೂತ್ಕೋ...”

ಆಗಲೇ ಅವನ ಕಣ್ಣಿಗೆ ಬಿದ್ದದ್ದು: ಬಾಗಿಲ ಕೆಳಗಂಚು ಅಮ್ಮನ ಸೊಂಟಕ್ಕಿಂತ ಮೇಲಿತ್ತು. ಹಳ್ಳವನ್ನು ಅಳೆದಿದ್ದ, ಕಲ್ಲುಗಳನ್ನು ಅಳೆದಿದ್ದ, ಹೆತ್ತವಳನ್ನು ಅಳೆದಿರಲಿಲ್ಲ. ಅವನ ಮುಖ ಗಾಳಿ ಹೋದ ಟೈರಿನಂತೆ ಇಳಿಯಿತು. “ಮೇಸ್ತ್ರಿ ಅಣ್ಣ... ಎರಡು ಪ್ಲೇಟು ತೆಗೆದುಬಿಡು,” ಎಂದ ಸಣ್ಣ ದನಿಯಲ್ಲಿ.

“ಯಾರೂ ಏನೂ ತೆಗೀಬೇಡಿ,” ಎನ್ನುತ್ತ ಅಮ್ಮ ಎದ್ದು ಬಂದಳು. ಸ್ಟೂಲನ್ನು ಬಾಗಿಲ ಕೆಳಗಿಟ್ಟಳು. ಆಮೇಲೆ ಸ್ಟೂಲಿನ ಮೇಲೆ ಕಾಲಿಟ್ಟು, ಬಾಗಿಲ ಹಿಡಿ ಹಿಡಿದು, ಹೂಂ ಎಂದು ಮೇಲೇರಿ ಸೀಟಿನಲ್ಲಿ ಕೂತಳು. ಅವಳ ಮುಷ್ಟಿಯಲ್ಲಿ ಟ್ಯೂಬಿನ ಪಟ್ಟಿಯ ಒಂದು ತುದಿಯಿತ್ತು, ಇನ್ನೊಂದು ತುದಿ ಸ್ಟೂಲಿನ ಕಾಲಿಗೆ ಬಿಗಿದಿತ್ತು. ಒಮ್ಮೆ ಜಗ್ಗಿದಳು. ಬಾವಿಯಿಂದ ಬಿಂದಿಗೆ ಬರುವ ಹಾಗೆ ಸ್ಟೂಲು ತೂಗಾಡುತ್ತ ಮೇಲೆ ಬಂದು ಅವಳ ತೊಡೆಯೇರಿತು.

ಮೇಸ್ತ್ರಿ ಹೋ ಎಂದು ನಕ್ಕ. ಡ್ರೈವರ್ ಮಾತ್ರ ಗಳ ಹಿಡಿದುಕೊಂಡು ಕೆಳಗಿನಿಂದ ನೋಡುತ್ತಲೇ ಇದ್ದ.

“ಅಮ್ಮ, ಫುಟ್‌ಬೋರ್ಡ್ ಬಿಚ್ಚುವಾಗ್ಲೇ ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಗಾಡಿ ತಗ್ಗಿಸಿಬಿಡ್ತಿದ್ದೆ,” ಎಂದಳು ಅಮ್ಮ. “ಹಳ್ಳ ತಗ್ಗುತ್ತೇನೋ?”